ಸಮುದ್ರದ ಉಪ್ಪಿಗೊಂದು ತಕ್ಕಡಿ

"ನೀವೇನು ಕೆಲಸ ಮಾಡ್ತೀರಿ?" ಅಂತ ಯಾರಾದರೂ ಕೇಳಿದರೆ ನನ್ನ ವಯಸ್ಸಿನವರೆಲ್ಲ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಸಾಫ್ಟ್‌ವೇರ್, ಬ್ಯಾಂಕು, ಟೀಚರ್. ನನಗೆ ಆ ಸುಖ ಇಲ್ಲ. ಸವಣೂರಿನಲ್ಲಿರುವ ಸೋದರತ್ತೆ ನಾನು ನೌಕಾಪಡೆಯಲ್ಲಿದ್ದೇನೆ ಅಂತ ಓಣಿಗೆಲ್ಲ ಹೇಳಿಬಿಟ್ಟಿದ್ದಾಳೆ. ಹಿರೇಕೆರೂರಿಗೆ ಕೊಟ್ಟಿರುವ ಅಕ್ಕನ ಮನೆಯವರ ಪಾಲಿಗೆ ನಾನು ಮೀನುಗಾರಿಕೆ ಇಲಾಖೆಯವಳು. ಶಿಗ್ಗಾಂವಿಯಲ್ಲಿ ನನ್ನ ಜೊತೆ ಪಿಯುಸಿ ಓದಿದ ಗೆಳತಿಯೊಬ್ಬಳು ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ "ಸರಕಾರಿ ರೊಕ್ಕದಾಗ ಕ್ರೂಸ್ ಹೊಡ್ಯಾಕತ್ತಾಳ" ಅಂತ ಹಾಕಿ ಮೂರು ನಗುವ ಮುಖ ಅಂಟಿಸಿದ್ದಳು.

ನಮ್ಮೂರು ಇರುವುದು ಹಾನಗಲ್ ತಾಲ್ಲೂಕಿನಲ್ಲಿ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅರಬ್ಬೀ ಸಮುದ್ರಕ್ಕೆ ನೂರು ಕಿಲೋಮೀಟರಿಗಿಂತ ಕಡಿಮೆ. ಆದರೆ ನಡುವೆ ಘಟ್ಟ ಇದೆ. ಹಾಗಾಗಿ ಸಮುದ್ರ ಅಂದರೆ ನಮಗೆ ಶಾಲೆಯ ಪ್ರವಾಸ, ಗೋಕರ್ಣ, ಮುರ್ಡೇಶ್ವರ, ಚಪ್ಪಲಿ ಕೈಯಲ್ಲಿ ಹಿಡಿದು ತೆಗೆಸಿಕೊಂಡ ಒಂದು ಫೋಟೊ, ಅಷ್ಟೇ. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಹಡಗು ಹತ್ತುವ ಕೆಲಸಕ್ಕೆ ಸೇರಿದಾಗ ಅಪ್ಪ ಕೇಳಿದ್ದು ಇಷ್ಟೇ: "ಸಮುದ್ರದಾಗ ಉಪ್ಪು ಐತಿ ಅನ್ನೂದು ಸಣ್ಣ ಹುಡುಗರಿಗೂ ಗೊತ್ತೈತಿ. ಅದನ್ನ ನೋಡಾಕ ಅಷ್ಟು ದೂರ ಹೋಗಬೇಕೇನವಾ?"

ಈ ಪ್ರಶ್ನೆಗೆ ಅಪ್ಪನಿಗೆ ಒಪ್ಪುವ ಉತ್ತರ ಹುಡುಕಲು ನನಗೆ ನಾಲ್ಕು ವರ್ಷ, ಆರು ಪಯಣ ಬೇಕಾದವು.

ಬಾವಿಗೆ ಕೊಡ ಇಳಿಸಿದ ಹಾಗೆ

ಮೊದಲು ಕೆಲಸ ಏನೆಂದು ಹೇಳುತ್ತೇನೆ. ಸಂಶೋಧನಾ ಹಡಗಿನಲ್ಲಿ ಸಿಟಿಡಿ ಎಂಬ ಉಪಕರಣ ಇರುತ್ತದೆ. ಆಳೆತ್ತರದ ಒಂದು ಲೋಹದ ಚೌಕಟ್ಟು, ಅದರ ಸುತ್ತ ವೃತ್ತಾಕಾರವಾಗಿ ನಿಲ್ಲಿಸಿದ 12 ಅಥವಾ 24 ಉದ್ದನೆಯ ಬಾಟಲಿಗಳು, ತಳದಲ್ಲಿ ಸೆನ್ಸರುಗಳು. ಇದನ್ನು ಕೇಬಲ್ಲಿಗೆ ಕಟ್ಟಿ ವಿಂಚ್‌ನಿಂದ ನೀರಿಗೆ ಇಳಿಸುತ್ತಾರೆ. ಬಾವಿಗೆ ಕೊಡ ಇಳಿಸಿದ ಹಾಗೆಯೇ, ಆದರೆ ಇಲ್ಲಿ ಹಗ್ಗದ ಉದ್ದ ಎರಡು ಮೂರು ಕಿಲೋಮೀಟರ್. ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಯುತ್ತ, ಸೆಕೆಂಡಿಗೆ 24 ಸಲ ಅದು ಒತ್ತಡ, ಉಷ್ಣತೆ ಮತ್ತು ನೀರಿನ ವಿದ್ಯುತ್ ವಾಹಕತೆಯನ್ನು ಮೇಲಿನ ಕಂಪ್ಯೂಟರಿಗೆ ಕಳಿಸುತ್ತದೆ. ಹೋಗಿ ಬರಲು ಎರಡು ತಾಸಾದರೂ ಬೇಕು. ಹಗಲು ರಾತ್ರಿ ಅನ್ನುವ ಭೇದ ಇಲ್ಲ. ಹಡಗು ನಿಗದಿತ ಜಾಗಕ್ಕೆ ರಾತ್ರಿ ಎರಡೂವರೆಗೆ ತಲುಪಿದರೆ ಎರಡೂವರೆಗೇ ಡ್ಯೂಟಿ.

ಇಲ್ಲಿ ಒಂದು ವಿಷಯ ಗಮನಿಸಿ. ಉಪ್ಪನ್ನು ಯಾವ ಸೆನ್ಸರೂ ನೇರವಾಗಿ ತೂಗುವುದಿಲ್ಲ. ಒಂದು ಸಣ್ಣ ಗಾಜಿನ ಕೊಳವೆಯೊಳಗೆ ನೀರು ಹರಿಯುತ್ತದೆ. ಆ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಸಾಗುತ್ತದೆ ಎಂದು ನೋಡಿ, ಅದಕ್ಕೆ ಉಷ್ಣತೆ ಮತ್ತು ಒತ್ತಡದ ಲೆಕ್ಕ ಸೇರಿಸಿ, "ಉಪ್ಪು ಇಷ್ಟು" ಎಂದು ಕಂಪ್ಯೂಟರ್ ಹೇಳುತ್ತದೆ. ಅಂದರೆ ಉಷ್ಣತೆ ತಪ್ಪಾದರೆ ಉಪ್ಪೂ ತಪ್ಪು. ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲು ಅಲ್ಲಿ ಜಾರಿದರೆ, ಲವಣಾಂಶದ ಮೂರನೇ ದಶಮಾಂಶ ಇಲ್ಲಿ ಅಲುಗಾಡುತ್ತದೆ.

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪು ಇರುತ್ತದೆ. ನಾವು ಗುರಿ ಇಟ್ಟುಕೊಳ್ಳುವ ನಿಖರತೆ 0.002. ಹತ್ತು ಲೀಟರಿನ ಒಂದು ಕೊಡ ಸಮುದ್ರದ ನೀರು ತಗೊಳ್ಳಿ. ಅದರಲ್ಲಿ ಆಗಲೇ 350 ಗ್ರಾಂ ಉಪ್ಪು ಇದೆ. ಅದಕ್ಕೆ ಅವ್ವ ಸಾರಿಗೆ ಹಾಕುವ ಒಂದು ಚಿಟಿಕೆಯ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಉಪ್ಪು ಸೇರಿಸಿದರೆ ನಮ್ಮ ಯಂತ್ರಕ್ಕೆ ಗೊತ್ತಾಗಬೇಕು. ಗೊತ್ತಾಗುತ್ತದೆ ಕೂಡ. ಆದರೆ ಯಂತ್ರ ಹೇಳಿದ್ದು ನಿಜವೋ ಸುಳ್ಳೋ ಎಂದು ಯಾರು ನೋಡಬೇಕು? ಅದೇ ನನ್ನ ಕೆಲಸ.

ಅಪ್ಪನ ಕಾಟಾ

ಅಪ್ಪ ನಮ್ಮ ಜಿಲ್ಲೆಯ ಒಂದು ಎಪಿಎಂಸಿಯಲ್ಲಿ 26 ವರ್ಷ ತೂಕದ ಕೆಲಸ ಮಾಡಿದವರು. ಎರಡು ಎಕರೆ ಹೊಲ ಇದೆ, ಆದರೆ ಮನೆ ನಡೆದದ್ದು ಕಾಟಾದ ಮೇಲೆ. ಎಲೆಕ್ಟ್ರಾನಿಕ್ ಕಾಟಾ ಬರುವ ಮೊದಲಿನ ಕಬ್ಬಿಣದ ಕಲ್ಲುಗಳನ್ನು ನೀವು ನೋಡಿರಬಹುದು. ಅವುಗಳ ಬುಡದಲ್ಲಿ ಒಂದು ಸಣ್ಣ ಕುಳಿ, ಅದರಲ್ಲಿ ಸೀಸ ತುಂಬಿ ಅದರ ಮೇಲೆ ಇಲಾಖೆಯವರು ಮುದ್ರೆ ಒತ್ತಿರುತ್ತಾರೆ. ದಿನಾ ಎತ್ತಿ ಇಳಿಸಿ ಕಲ್ಲು ಸವೆಯುತ್ತದೆ. ಮಳೆಗಾಲದಲ್ಲಿ ಜಂಗು ಹಿಡಿಯುತ್ತದೆ. ಅದಕ್ಕೇ ನಿಗದಿತ ಅವಧಿಗೊಮ್ಮೆ ಇನ್‌ಸ್ಪೆಕ್ಟರ್ ತಮ್ಮ ಕಲ್ಲು ತಂದು ನಮ್ಮ ಕಲ್ಲಿನ ಜೊತೆ ತೂಗಿ, ಸರಿ ಇದ್ದರೆ ಹೊಸ ಮುದ್ರೆ ಹಾಕುತ್ತಾರೆ. ಅವರ ಕಲ್ಲನ್ನು ಅವರ ಮೇಲಿನವರು ತಾಳೆ ನೋಡುತ್ತಾರೆ. ಹೀಗೆ ಮೇಲೆ ಮೇಲೆ ಹೋಗಿ ಕೊನೆಗೆ ದಿಲ್ಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿರುವ ಕಿಲೋಗ್ರಾಂ, ಅದರಾಚೆ ಪ್ಯಾರಿಸ್ ಹತ್ತಿರ ಗಾಜಿನ ಗಂಟೆಯೊಳಗೆ ಇಟ್ಟಿದ್ದ ಮೂಲ ಕಿಲೋಗ್ರಾಂ. 2019ರ ಮೇ 20ರವರೆಗೆ ಇಡೀ ಜಗತ್ತಿನ ಕಿಲೋ ಅಂದರೆ ಆ ಒಂದು ಲೋಹದ ತುಂಡು. ಈಗ ಅದರ ಜಾಗಕ್ಕೆ ಭೌತಶಾಸ್ತ್ರದ ಒಂದು ಸ್ಥಿರಾಂಕ ಬಂದಿದೆ.

ನನಗಾಗ ಹತ್ತು ವರ್ಷ. ಒಬ್ಬ ವ್ಯಾಪಾರಿ ಚೀಲಕ್ಕೆ ಇಷ್ಟು ಅಂತ 'ಸೂಟು' ಕಡಿಯಲು ಹೇಳಿದ. ಸೂಟು ಅಂದರೆ ರೈತನ ಮಾಲಿನ ತೂಕದಲ್ಲಿ ಸುಮ್ಮನೆ ಒಂದಿಷ್ಟು ಕಳೆಯುವುದು. ತೇವ, ದೂಳು ಅಂತ ಏನೋ ಒಂದು ನೆಪ. ಅಪ್ಪ ಕಾಟಾ ತೋರಿಸಿದ್ದನ್ನೇ ಚೀಟಿಯಲ್ಲಿ ಬರೆದರು. ಆ ಹಂಗಾಮು ಪೂರ್ತಿ ಆ ಅಂಗಡಿಯ ಮಾಲು ಅಪ್ಪನ ಕಾಟಾಕ್ಕೆ ಬರಲಿಲ್ಲ. ದೀಪಾವಳಿಗೆ ನಮಗೆ ಹೊಸ ಬಟ್ಟೆ ಇರಲಿಲ್ಲ ಅನ್ನುವುದು ನನಗೆ ನೆನಪಿದೆ. "ಬರೀ ಅರ್ಧ ಕಿಲೋ ಅಲ್ಲೇನ್ರೀ" ಅಂತ ಅವ್ವ ಸಿಟ್ಟಿನಲ್ಲಿ ಅಂದಿದ್ದಳು. ಅಪ್ಪ ಹೇಳಿದ್ದು, "ಚೀಲಕ್ಕ ಅರ್ಧ ಕಿಲೋ. ವರ್ಷಕ್ಕ ಎಷ್ಟು ಚೀಲ, ಲೆಕ್ಕಾ ಹಾಕು."

ಸಣ್ಣ ತಪ್ಪು ಒಂದೇ ದಿಕ್ಕಿಗೆ ವಾಲುತ್ತ ಹೋದರೆ ಏನಾಗುತ್ತದೆ ಎಂಬ ಪಾಠ ನನಗೆ ಯಾವ ವಿಶ್ವವಿದ್ಯಾಲಯದಲ್ಲೂ ಇದಕ್ಕಿಂತ ಚೆನ್ನಾಗಿ ಸಿಗಲಿಲ್ಲ.

ಸಮುದ್ರದ ಮೂಲ ಕಲ್ಲು

ಸಮುದ್ರದ ಉಪ್ಪಿಗೂ ಹೀಗೇ ಒಂದು ಮುದ್ರೆ ಬಿದ್ದ ಕಲ್ಲು ಇದೆ. ಅದು ಕಲ್ಲಲ್ಲ, ಒಂದು ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿದ ನೀರು. 1900ರ ಆಸುಪಾಸಿನಲ್ಲಿ ಯುರೋಪಿನ ದೇಶಗಳ ಹಡಗುಗಳು ಸಮುದ್ರ ಅಳೆಯಲು ಹೊರಟವು. ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೊಂದಬೇಕಲ್ಲ? ಡೆನ್ಮಾರ್ಕಿನ ಮಾರ್ಟಿನ್ ಕ್ನೂಡ್ಸೆನ್ ಎಂಬ ಭೌತಶಾಸ್ತ್ರಜ್ಞ ಅದಕ್ಕೆ ದಾರಿ ಹುಡುಕಿದರು. ಸಮುದ್ರದ ನೀರನ್ನು ಸೋಸಿ, ಹದ ಮಾಡಿ, ಗಾಜಿನ ಕೊಳವೆಗಳಲ್ಲಿ ಮುಚ್ಚಿ ಎಲ್ಲರಿಗೂ ಹಂಚುವುದು. ಎಲ್ಲರೂ ತಮ್ಮ ಅಳತೆಯನ್ನು ಅದಕ್ಕೇ ತಾಳೆ ನೋಡುವುದು. ಎಪ್ಪತ್ತರ ದಶಕದವರೆಗೆ ಇದು ಕೋಪನ್‌ಹೇಗನ್‌ನಿಂದ ಬರುತ್ತಿದ್ದುದರಿಂದ ಹಳಬರು 'ಕೋಪನ್‌ಹೇಗನ್ ನೀರು' ಅಂತಲೇ ಕರೆಯುತ್ತಿದ್ದರು. ಈಗ ಅದು ಇಂಗ್ಲೆಂಡಿನಿಂದ ಬರುತ್ತದೆ. ಒಳಗಿರುವುದು ಉತ್ತರ ಅಟ್ಲಾಂಟಿಕ್ ಸಾಗರದ ನೀರು. ಪ್ರತಿ ಬಾಟಲಿಯ ಮೇಲೆ ತಂಡದ ಸಂಖ್ಯೆ, ಮತ್ತು ಆ ನೀರಿನ ವಾಹಕತೆ ಎಷ್ಟೆಂಬ ಅಂಕಿ, ದಶಮಾಂಶದ ಐದು ಸ್ಥಾನಗಳವರೆಗೆ.

ಹಾಗಾದರೆ ಆ ನೀರಿನ ಮೂಲ ಯಾವುದು? 1978ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಒಂದು ಕಿಲೋ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದ್ದು, 15 ಡಿಗ್ರಿ ಉಷ್ಣತೆಯಲ್ಲಿ ಅದರ ವಾಹಕತೆ ಯಾವ ಸಮುದ್ರದ ನೀರಿಗೆ ಸರಿಸಮ ಆಗುತ್ತದೋ ಆ ನೀರಿನ ಲವಣಾಂಶ 35. ಕಲ್ಲಿನ ಮೇಲೊಂದು ಕಲ್ಲು, ಅದರ ಮೇಲೊಂದು ಕಲ್ಲು. ಅಪ್ಪನಿಗೆ ಇಷ್ಟು ಹೇಳಿದ ದಿನ ಅವರ ಮುಖ ಅರಳಿತ್ತು. "ಹಂಗಾರ ನೀ ಮಾಡೂದು ಸೀಲ್ ಹಾಕೂ ಕೆಲಸ ಅನ್ನು" ಅಂದರು.

ಹೌದು, ಅದೇ. ಸಿಟಿಡಿ ಮೇಲೆ ಬರುವಾಗ ಬೇರೆ ಬೇರೆ ಆಳದಲ್ಲಿ ಒಂದೊಂದು ಬಾಟಲಿ ಮುಚ್ಚಿಸುತ್ತೇವೆ. ಡೆಕ್ಕಿಗೆ ಬಂದ ಕೂಡಲೇ ಎಲ್ಲರೂ ತಂತಮ್ಮ ಪಾಲಿನ ನೀರಿಗೆ ಮುಗಿಬೀಳುತ್ತಾರೆ. ಗಾಳಿ ತಾಕಿದರೆ ಕೆಡುವ ಆಮ್ಲಜನಕದ ಮಾದರಿ ಮೊದಲು, ಉಪ್ಪಿನದು ಕೊನೆಗೆ. ಗಾಜಿನ ಶೀಶೆಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಕುತ್ತಿಗೆಯವರೆಗೆ ತುಂಬಬೇಕು, ಪೂರ್ತಿ ಅಲ್ಲ. ಬಾಯಿ ಒರೆಸಿ ಒಣಗಿಸಬೇಕು; ಇಲ್ಲದಿದ್ದರೆ ಅಲ್ಲಿ ಒಣಗಿದ ಉಪ್ಪಿನ ಹರಳು ಮುಚ್ಚಳ ತೆಗೆಯುವಾಗ ಒಳಗೆ ಬಿದ್ದು ಎಲ್ಲ ಹಾಳು. ಆಮೇಲೆ ಆ ಶೀಶೆಗಳು ಒಂದು ದಿನ ಸಲೈನೋಮೀಟರ್ ಇರುವ ಕೋಣೆಯಲ್ಲಿ ಸುಮ್ಮನೆ ಕೂರಬೇಕು, ಕೋಣೆಯ ಉಷ್ಣತೆಗೆ ಬರುವ ತನಕ. ಆ ಕೋಣೆಯ ಬಾಗಿಲನ್ನು ಯಾರೂ ಸುಮ್ಮಸುಮ್ಮನೆ ತೆಗೆಯುವಂತಿಲ್ಲ. ಎಸಿ ಏರುಪೇರಾದರೆ ಅಳತೆಯೂ ಏರುಪೇರು. ಹಡಗು ತೊಟ್ಟಿಲ ಹಾಗೆ ತೂಗುತ್ತಿರುವಾಗ, ಕಿಟಕಿ ಇಲ್ಲದ ಆ ಕೋಣೆಯಲ್ಲಿ ಕೂತು, ಮೊದಲು ಮುದ್ರೆಯ ನೀರು ಹಾಕಿ ಯಂತ್ರ ಹೊಂದಿಸಿ, ಒಂದೊಂದೇ ಶೀಶೆ ಅಳೆಯುತ್ತ ಹೋಗುವುದು. ಮೊದಲ ಪಯಣದಲ್ಲಿ ನನ್ನ ಕಾಲ ಬಳಿ ಸದಾ ಒಂದು ಬಕೆಟ್ ಇರುತ್ತಿತ್ತು. ಯಾಕೆಂದು ಹೇಳಬೇಕಿಲ್ಲ.

ಕ್ರೂಸ್ ಅಂದ ಗೆಳತಿಗೆ ಆ ಬಕೆಟ್ಟಿನ ಫೋಟೊ ಕಳಿಸಿದ್ದೆ.

ಬಾಟಲಿಯಲ್ಲಿ ತರಲಾಗದ್ದು

ಉಪ್ಪನ್ನಾದರೆ ಬಾಟಲಿಯಲ್ಲಿ ಮೇಲೆ ತಂದು ತಾಳೆ ನೋಡಬಹುದು. ಉಷ್ಣತೆಯನ್ನು ಹಾಗೆ ತರಲಾಗದು. ಎರಡು ಸಾವಿರ ಮೀಟರ್ ಕೆಳಗೆ ಮೂರು ಡಿಗ್ರಿ ಇದ್ದ ನೀರು ಡೆಕ್ಕಿಗೆ ಬರುವಷ್ಟರಲ್ಲಿ ಬಿಸಿಲಿಗೆ ಬೆಚ್ಚಗಾಗಿರುತ್ತದೆ. ಹಳೆಯ ಕಾಲದಲ್ಲಿ ಇದಕ್ಕೊಂದು ಚೆಂದದ ಉಪಾಯ ಇತ್ತು. ಬಾಟಲಿಯ ಜೊತೆ ಇಳಿಸಿದ ಪಾದರಸದ ಥರ್ಮಾಮೀಟರನ್ನು ಆಳದಲ್ಲೇ ತಲೆಕೆಳಗು ಮಾಡುತ್ತಿದ್ದರು. ಪಾದರಸದ ಎಳೆ ಅಲ್ಲೇ ತುಂಡಾಗಿ, ಆ ಆಳದ ಉಷ್ಣತೆ ಹಾಗೇ ಸೆರೆಯಾಗಿ ಮೇಲೆ ಬರುತ್ತಿತ್ತು. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ 1966ರ ಜನವರಿ 1ರಂದು ಶುರುವಾದಾಗ, ಅದಕ್ಕೂ ಮೊದಲಿನ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದ ಕಾಲದಲ್ಲಿ, ನಮ್ಮವರೆಲ್ಲ ಕೆಲಸ ಮಾಡಿದ್ದು ಇಂಥ ಥರ್ಮಾಮೀಟರುಗಳಲ್ಲೇ.

ಈಗ ಪಯಣಕ್ಕೆ ಮೊದಲು ಮತ್ತು ನಂತರ ಪ್ರಯೋಗಾಲಯದಲ್ಲಿ ತಾಳೆ ನೋಡುತ್ತಾರೆ. ಅಲ್ಲಿಯ ಮೂಲ ಕಲ್ಲು ಪ್ರಕೃತಿಯೇ. ಗಾಳಿ ತೆಗೆದ ಗಾಜಿನ ಪಾತ್ರೆಯಲ್ಲಿ ಶುದ್ಧ ನೀರು, ಮಂಜುಗಡ್ಡೆ, ಆವಿ ಮೂರೂ ಜಗಳವಿಲ್ಲದೆ ಒಟ್ಟಿಗೆ ಇರುವುದು 0.01 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ. ಇನ್ನೊಂದು ತುದಿಗೆ ಗ್ಯಾಲಿಯಂ ಎಂಬ ಲೋಹ. ಅಂಗೈಯಲ್ಲಿ ಹಿಡಿದರೆ ಕರಗುವ ಈ ಲೋಹದ ಕರಗುಬಿಂದು 29.7646 ಡಿಗ್ರಿ. ನಮ್ಮ ಕರಾವಳಿಯ ಬೇಸಿಗೆಯ ಸಮುದ್ರ ಹೆಚ್ಚುಕಡಿಮೆ ಅಷ್ಟೇ ಬೆಚ್ಚಗಿರುತ್ತದೆ. ಹೀಗೆ ಎರಡು ತುದಿ ಗಟ್ಟಿಯಾಗಿ ಹಿಡಿದುಕೊಂಡು ನಡುವಿನದನ್ನು ಅಳೆಯುತ್ತೇವೆ.

ಹೊಸ ನೀರು ಸಿಕ್ಕಿತೇ?

ಮೂರನೇ ಪಯಣದ ಮಾತು. ಹಡಗಿನ ಹೆಸರು, ಜನರ ಹೆಸರು ಬೇಡ. ಸಿಟಿಡಿಯಲ್ಲಿ ಸಾಮಾನ್ಯವಾಗಿ ಎರಡು ಜೊತೆ ಸೆನ್ಸರು ಇರುತ್ತವೆ. ಒಂದು ತಪ್ಪಿದರೆ ಇನ್ನೊಂದು ಹೇಳುತ್ತದೆ. ಆ ಸಲ ಒಂದರ ಕನೆಕ್ಟರಿಗೆ ನೀರು ಹೊಕ್ಕು ಅದು ಮೊದಲೇ ಮೂಲೆ ಸೇರಿತ್ತು. ಉಳಿದ ಒಂದೇ ಸೆನ್ಸರು ಹದಿನೈದನೇ ಜಾಗದಿಂದ ಮುಂದೆ, ಸಾವಿರ ಮೀಟರಿಗಿಂತ ಕೆಳಗಿನ ನೀರನ್ನು ಮೊದಲಿಗಿಂತ 0.008ರಷ್ಟು ಸಪ್ಪೆ ಎಂದು ತೋರಿಸತೊಡಗಿತು. ಮೂರು ಜಾಗಗಳಲ್ಲಿ ಸತತವಾಗಿ.

ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಅಷ್ಟು ಆಳದಲ್ಲಿ ಸಮುದ್ರ ಬಹಳ ಗಂಭೀರ. ಅಲ್ಲಿಯ ಬದಲಾವಣೆ ದಶಕಕ್ಕೆ ಕೆಲವೇ ಸಾವಿರಾಂಶ. ಹಾಗಾಗಿ 0.008 ಅಂದರೆ ಅದು ದೊಡ್ಡ ಸುದ್ದಿ. ಹಡಗಿನಲ್ಲಿದ್ದ ಹಿರಿಯರೊಬ್ಬರ ಕಣ್ಣು ಹೊಳೆಯಿತು. "ಇದು ಬೇರೆ ನೀರು. ನಾವೊಂದು ಗಡಿ ದಾಟಿದ್ದೀವಿ" ಅಂದರು. ಅವರ ಯೋಜನೆ ಮುಗಿಯಲು ಆರು ತಿಂಗಳು ಬಾಕಿ ಇತ್ತು, ಹೇಳಿಕೊಳ್ಳುವಂಥ ಫಲಿತಾಂಶ ಇನ್ನೂ ಇರಲಿಲ್ಲ. ಹವಾಮಾನ ಕೆಡುತ್ತಿತ್ತು. ಬಾಟಲಿ ಮುಚ್ಚಿಸಲು ಪ್ರತಿ ಆಳದಲ್ಲೂ ವಿಂಚ್ ನಿಲ್ಲಿಸಬೇಕು, ಸಮಯ ಹಾಳು. ಮುಂದಿನ ಜಾಗಗಳಲ್ಲಿ ಬಾಟಲಿ ಬಿಟ್ಟು ಬರೀ ಸೆನ್ಸರು ಇಳಿಸೋಣ ಎಂಬ ಸಲಹೆ ಬಂತು.

ಗುತ್ತಿಗೆಯ ಮೇಲೆ ಕೆಲಸ ಮಾಡುವವರಿಗೆ ಇಂಥ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಏನಾಗುತ್ತದೆಂದು ಗೊತ್ತಿರುತ್ತದೆ. ನನ್ನ ಗುತ್ತಿಗೆ ನವೀಕರಣಕ್ಕೆ ಸಹಿ ಬೀಳಬೇಕಾದವರಲ್ಲಿ ಅವರೂ ಒಬ್ಬರು. ಊರಲ್ಲಿ ಬೆಳೆಸಾಲ ತೀರುತ್ತಿದ್ದುದು ನನ್ನ ಪಗಾರದಿಂದ. ಸುಮ್ಮನಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಆದರೆ ಸೆನ್ಸರಿನ ಕೊಳವೆಯಲ್ಲಿ ಕೊಳೆ ಕೂತರೆ ಅದು ಯಾವಾಗಲೂ ನೀರನ್ನು ಸಪ್ಪೆಯಾಗಿಯೇ ತೋರಿಸುತ್ತದೆ, ಒಂದೇ ದಿಕ್ಕಿಗೆ ವಾಲುತ್ತದೆ. ಆ ಅನುಮಾನ ತಲೆಯಲ್ಲಿ ಹೊಕ್ಕ ಮೇಲೆ ನಿದ್ದೆ ಬರಲಿಲ್ಲ.

"ಸರ್, ಒಂದೇ ಒಂದು ಜಾಗದಲ್ಲಿ ನಾಲ್ಕು ಆಳ, ಒಂದೊಂದಕ್ಕೆ ಎರಡೆರಡು ಬಾಟಲಿ ಕೊಡಿ. ಇಪ್ಪತ್ತು ನಿಮಿಷ ಹೆಚ್ಚು ಆಗುತ್ತೆ ಅಷ್ಟೇ. ಹೊಸ ನೀರೇ ಆಗಿದ್ರೆ ನಿಮ್ಮ ಕೈ ಇನ್ನೂ ಗಟ್ಟಿ ಆಗುತ್ತೆ" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು. ನೀರು ಬಂದ ಮೇಲೆ ಈಗಲೇ ಅಳೆದುಬಿಡು ಅಂದರು. ಅದಕ್ಕೆ ನಾನು ಒಪ್ಪಲಿಲ್ಲ. ಶೀಶೆ ತಣ್ಣಗಿರುವಾಗ ಅಳೆದರೆ ಯಾವ ಉತ್ತರ ಬಂದರೂ ನಂಬುವಂತಿಲ್ಲ. ಒಂದು ರಾತ್ರಿ, ಒಂದು ಹಗಲು ಕಾದೆವು. ಊಟದ ಮೇಜಿನಲ್ಲಿ ಯಾರೂ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ಮರುದಿನ ಸಂಜೆ ಹೊಸದೊಂದು ಮುದ್ರೆಯ ಬಾಟಲಿ ಒಡೆದು ಯಂತ್ರ ಹೊಂದಿಸಿ ಎಂಟೂ ಶೀಶೆ ಅಳೆದೆ. ಆಳದ ನೀರು ಹಿಂದಿನ ಜಾಗಗಳಲ್ಲಿ ಎಷ್ಟು ಉಪ್ಪಾಗಿತ್ತೋ ಅಷ್ಟೇ ಇತ್ತು. ಹೊಸ ನೀರು ಇರಲಿಲ್ಲ. ಸೆನ್ಸರಿನ ಕೊಳವೆಯನ್ನು ಸೌಮ್ಯ ಡಿಟರ್ಜೆಂಟಿನ ದ್ರಾವಣದಲ್ಲಿ ನೆನೆಸಿ ತೊಳೆದಾಗ, ಮುಂದಿನ ಸಲ ವ್ಯತ್ಯಾಸ ಬಹುಪಾಲು ಮಾಯ. ಯಾವುದೋ ಲೋಳೆ ಜೀವಿ ಸಿಕ್ಕಿಕೊಂಡು ತೆಳ್ಳಗೆ ಒಂದು ಪದರ ಬಳಿದು ಹೋಗಿರಬೇಕು. ಬಾಟಲಿಯ ಅಂಕಿಗಳ ಸಹಾಯದಿಂದ ಆ ಜಾಗಗಳ ಲೆಕ್ಕವನ್ನು ತಿದ್ದಿದೆವು, ದತ್ತಾಂಶ ಉಳಿಯಿತು.

ಹಿರಿಯರು ಲಾಗ್ ಪುಸ್ತಕದಲ್ಲಿ ಸಹಿ ಹಾಕಿ ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನಾದರೂ ಸಿಗಬೇಕೆಂಬ ಒತ್ತಡದಲ್ಲಿ ನಾವೆಲ್ಲರೂ ಇದ್ದೇವೆ. ಗುತ್ತಿಗೆ ನವೀಕರಣವಾಯಿತು, ಮೂರು ತಿಂಗಳು ತಡವಾಗಿ. ತಡಕ್ಕೆ ಕಾರಣ ಇದೇ ಎಂದು ಹೇಳಲು ನನ್ನ ಬಳಿ ಪುರಾವೆ ಇಲ್ಲ, ಹಾಗಾಗಿ ಹೇಳುವುದಿಲ್ಲ.

ಇದು ಬರೀ ಒಂದು ಹಡಗಿನ ಕತೆಯಲ್ಲ. ಜಗತ್ತಿನ ಸಾಗರಗಳಲ್ಲಿ ಸುಮಾರು 4000 ಆರ್ಗೋ ತೇಲು ಉಪಕರಣಗಳಿವೆ. ಹತ್ತು ದಿನಕ್ಕೊಮ್ಮೆ 2000 ಮೀಟರ್ ಆಳದಿಂದ ಮೇಲೆದ್ದು, ತಾವು ಕಂಡ ಉಷ್ಣತೆ-ಉಪ್ಪನ್ನು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತವೆ. ಭಾರತದ ತೇಲುಗಳನ್ನು ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್. ಒಮ್ಮೆ ಬಿಟ್ಟ ಮೇಲೆ ಅವುಗಳನ್ನು ಹಿಡಿದು ತಂದು ತಾಳೆ ನೋಡುವವರಿಲ್ಲ. ಕೆಲವು ವರ್ಷಗಳ ಹಿಂದೆ ಹಲವಾರು ತೇಲುಗಳು ಇದ್ದಕ್ಕಿದ್ದಂತೆ ಸಮುದ್ರವನ್ನು ಇದ್ದದ್ದಕ್ಕಿಂತ ಉಪ್ಪು ಎಂದು ಹೇಳತೊಡಗಿದವು. ಅದು ಸಮುದ್ರದ ಗುಣವಲ್ಲ, ಸೆನ್ಸರಿನ ದೋಷ ಎಂದು ಗುರುತಿಸಲು ನೆರವಾದದ್ದು ಹಡಗುಗಳಲ್ಲಿ ಬಾಟಲಿ ಹಿಡಿದು ಅಳೆದಿಟ್ಟ ಲೆಕ್ಕಗಳು.

"ಬಿತ್ತಲೋ ಬ್ಯಾಡೋ, ನೀ ಹೇಳು"

2023ರ ಮುಂಗಾರು ನಮ್ಮ ಕಡೆಯವರಿಗೆ ಮರೆಯುವಂಥದ್ದಲ್ಲ. ಜೂನ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಬಿಪೊರ್‌ಜಾಯ್ ಚಂಡಮಾರುತ ಎದ್ದು ಗುಜರಾತಿನ ಕಡೆ ಹೋಯಿತು. ಕೇರಳಕ್ಕೆ ಮಳೆಗಾಲ ಬಂದದ್ದೇ ಜೂನ್ 8ಕ್ಕೆ. ಅಪ್ಪ ಎರಡು ಎಕರೆಗೆ ಗೋವಿನಜೋಳ ಬಿತ್ತಿದರು, ಮೊಳಕೆ ಒಣಗಿತು. ಜುಲೈನಲ್ಲಿ ಸಾಲ ಮಾಡಿ ಮತ್ತೆ ಬಿತ್ತಿದರು. ಆಗಸ್ಟ್ ಬಂತು, 1901ರಿಂದ ದಾಖಲೆ ಇಡಲು ಶುರುಮಾಡಿದ ಮೇಲೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದು. ತೆನೆ ಕಟ್ಟುವ ಹೊತ್ತಿಗೆ ಹನಿ ನೀರಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ತಮ್ಮ ಹುಬ್ಬಳ್ಳಿಯ ಒಂದು ಗೋದಾಮಿಗೆ ಕೆಲಸಕ್ಕೆ ಹೋದ. ಇನ್ನೂ ಮರಳಿ ಬಂದಿಲ್ಲ.

ಆ ದಿನಗಳಲ್ಲಿ ಅಪ್ಪ ಫೋನಿನಲ್ಲಿ ಅಂದ ಒಂದು ಮಾತು ಇನ್ನೂ ಚುಚ್ಚುತ್ತದೆ. "ಅಷ್ಟು ನೀರಿನ ನಡುವ ಕುಂತು ನೀ ಅದರ ಉಪ್ಪು ನೋಡಾಕತ್ತೀ. ಇಲ್ಲಿ ನಮಗ ಒಂದು ಹಸಿ ಮಳಿ ಇಲ್ಲ."

ಬೇಸರ ಇಳಿದ ಮೇಲೆ ಒಂದು ದಿನ ಕೂತು ಅವರಿಗೆ ವಿವರಿಸಿದೆ. ನಮ್ಮ ಹಾನಗಲ್ಲಿಗೆ ಬೀಳುವ ಮುಂಗಾರು ಮಳೆ ಅರಬ್ಬೀ ಸಮುದ್ರದ ಮೇಲಿಂದ ಬಂದ ನೀರು. ಆ ಮಳೆ ವರದೆಗೆ ಸೇರಿ, ಗಳಗನಾಥದ ಹತ್ತಿರ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಉಳಿದಷ್ಟು ಬಂಗಾಳ ಕೊಲ್ಲಿಗೆ. ಹಿರೇಕೆರೂರಿನ ಕುಮುದ್ವತಿಯದೂ ಕೊನೆಗೆ ಅದೇ ದಾರಿ. ಗಂಗೆ, ಬ್ರಹ್ಮಪುತ್ರ, ಗೋದಾವರಿ ಎಲ್ಲ ಸುರಿಯುವುದರಿಂದ ಕೊಲ್ಲಿಯ ಮೇಲ್ಪದರ ಅರಬ್ಬೀ ಸಮುದ್ರಕ್ಕಿಂತ ಬಹಳ ಸಪ್ಪೆ. ಚಳಿಗಾಲದಲ್ಲಿ ಪ್ರವಾಹಗಳು ಆ ಸಪ್ಪೆ ನೀರನ್ನು ಶ್ರೀಲಂಕಾ ಸುತ್ತಿಸಿ ಕೇರಳ, ಕರ್ನಾಟಕದ ಕರಾವಳಿಯ ಕಡೆ ತರುತ್ತವೆ. ಸಪ್ಪೆ ನೀರು ಹಗುರ, ಮುಚ್ಚಳದ ಹಾಗೆ ಮೇಲೆ ಕೂರುತ್ತದೆ. ಕೆಳಗಿನ ತಣ್ಣನೆ ನೀರು ಸುಲಭವಾಗಿ ಮೇಲೆ ಬೆರೆಯಲು ಬಿಡುವುದಿಲ್ಲ. ಬೇಸಿಗೆಯ ಬಿಸಿಲಿಗೆ ಆ ತೆಳು ಪದರ ಬೇಗ ಕಾಯುತ್ತದೆ. ಮಳೆಗಾಲಕ್ಕೆ ಮುಂಚೆ ನಮ್ಮ ಪಕ್ಕದ ಸಮುದ್ರ ಅಷ್ಟು ಬೆಚ್ಚಗಾಗುವುದರಲ್ಲಿ, ಮುಂಗಾರಿನ ಆರಂಭದಲ್ಲಿ, ಈ ಉಪ್ಪು-ಸಪ್ಪೆಯ ಆಟದ ಪಾತ್ರ ಇದೆ ಎಂದು ಸಮುದ್ರ ವಿಜ್ಞಾನಿಗಳು ತೋರಿಸಿದ್ದಾರೆ.

"ಅಂದ್ರ ನಮ್ಮ ವರದೆಯ ನೀರು ಸುತ್ತಿ ಸುತ್ತಿ ಕಾರವಾರಕ್ಕ ಬರ್ತೈತಿ?" ಅಂದರು ಅಪ್ಪ. "ಅದು ವರದೆಯದು, ಇದು ಗೋದಾವರಿಯದು ಅಂತ ಬೇರೆ ಮಾಡಾಕ ಆಗೂದಿಲ್ಲಪ್ಪಾ. ಆದ್ರ ಅದರಾಗ ನಮ್ಮದೂ ಒಂದಿಷ್ಟು ಇರಬಹುದು" ಅಂದೆ.

ಮಳೆಯ ಮುನ್ಸೂಚನೆ ಕೊಡುವ ಕಂಪ್ಯೂಟರ್ ಮಾದರಿಗಳು ಸಮುದ್ರ ಇವತ್ತು ಹೇಗಿದೆ ಎಂಬ ಲೆಕ್ಕದಿಂದಲೇ ಶುರುಮಾಡುತ್ತವೆ. ಆ ಲೆಕ್ಕದಲ್ಲಿ ನಮ್ಮ ಸೆನ್ಸರುಗಳ ಅಂಕಿಗಳಿಗೂ ಜಾಗ ಇದೆ. ಇಷ್ಟು ಹೇಳಿದ್ದೇ ತಡ, 2024ರ ಮೇ ತಿಂಗಳಲ್ಲಿ ಅಪ್ಪ ನೇರವಾಗಿ ಕೇಳಿದರು: "ಹಂಗಾರ ಈ ವರ್ಷ ಬಿತ್ತಲೋ ಬ್ಯಾಡೋ, ನೀ ಹೇಳು."

ಮನೆಯಲ್ಲಿ ಬೀಜ-ಗೊಬ್ಬರಕ್ಕೆ ಉಳಿದಿದ್ದ ದುಡ್ಡು ಒಂದೇ ಸಲಕ್ಕೆ ಸಾಲುವಷ್ಟಿತ್ತು. ಮಗಳ ಮಾತಿನ ಮೇಲೆ ಅಪ್ಪ ಬಿತ್ತುವವರೇ. "ಬಿತ್ತಪ್ಪಾ" ಅಂದರೆ ಅವರಿಗೆ ಧೈರ್ಯ, ನನಗೆ ಗೌರವ. ಆದರೆ ನಾನು ಅಳೆಯುವುದು ಸಮುದ್ರವನ್ನು. ಅಲ್ಲಿಂದ ನಮ್ಮ ಎರಡು ಎಕರೆಯ ಜುಲೈ ತಿಂಗಳನ್ನು ಹೇಳುವುದು ಎತ್ತಿನ ಗಾಡಿ ತೂಗುವ ಕಾಟಾದಲ್ಲಿ ಬಂಗಾರ ತೂಗಿದ ಹಾಗೆ. ಉದಾಹರಣೆಗೆ 2023ನ್ನೇ ನೋಡಿ. ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ದೇಶಕ್ಕೆ ಸರಾಸರಿಯ ಶೇ 96ರಷ್ಟು ಮಳೆ, ಶೇ 5 ಹೆಚ್ಚು ಕಡಿಮೆ ಆಗಬಹುದು ಅಂತ ಹೇಳಿತ್ತು. ಕೊನೆಗೆ ಬಂದದ್ದು ಶೇ 94. ದೇಶದ ಲೆಕ್ಕಕ್ಕೆ ಮುನ್ಸೂಚನೆ ಸರಿಯೇ ಇತ್ತು. ನಮ್ಮ ಹೊಲ ಒಣಗಿತ್ತು. ಎರಡೂ ನಿಜ.

ಅಪ್ಪನಿಗೆ ಹಾಗೇ ಹೇಳಿದೆ. "ದೇಶಕ್ಕ ಮಳಿ ಚಲೋ ಐತಿ ಅಂತ ಇಲಾಖೆಯವರು ಹೇಳ್ಯಾರ. ಅದನ್ನ ನಂಬಬಹುದು. ನಮ್ಮ ಹೊಲದ ಮಾತು ನನ್ನ ಕಾಟಾದಾಗ ಬರೂದಿಲ್ಲಪ್ಪಾ. ಬಂದ್ರ ಸುಳ್ಳು ಹೇಳಿದಂಗಾಕ್ಕೈತಿ."

ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಬಿಟ್ಟು, "ಆತು ಬಿಡು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದಿ, ಅದ ಸಾಕು" ಅಂದರು. ಅರ್ಧ ಗೋವಿನಜೋಳ, ಅರ್ಧ ಸೋಯಾ ಬಿತ್ತಿದರು. ಒಂದು ಹೋದರೆ ಇನ್ನೊಂದಾದರೂ ಇರಲಿ ಎಂಬ ಲೆಕ್ಕ. ಆ ವರ್ಷ ದೇಶದಲ್ಲಿ ಸರಾಸರಿಗಿಂತ ಶೇ 8ರಷ್ಟು ಹೆಚ್ಚು ಮಳೆಯಾಯಿತು. ನಮ್ಮಲ್ಲಿ ಸೋಯಾಕ್ಕೆ ನೀರು ಹೆಚ್ಚಾಗಿ ಸ್ವಲ್ಪ ಕೊಳೆಯಿತು, ಗೋವಿನಜೋಳ ಕೈ ಹಿಡಿಯಿತು. ಸಾಲದಲ್ಲಿ ಅರ್ಧ ತೀರಿತು. ಇದರಲ್ಲಿ ನನ್ನ ಪಾಲು ಏನೂ ಇಲ್ಲ.

ಫೋನಿನಲ್ಲಿ ದಿನಾ ಬೆಳಿಗ್ಗೆ ಮಳೆಯ ಶೇಕಡಾವಾರು ನೋಡಿ ಛತ್ರಿ ತಗೊಳ್ಳಲೋ ಬೇಡವೋ ಎಂದು ಯೋಚಿಸುವವರು ನಾವು. ಆ ಅಂಕಿಯ ಹಿಂದೆ ಎಲ್ಲೋ ಒಂದು ಕಿಟಕಿ ಇಲ್ಲದ ಕೋಣೆ, ಒಂದಷ್ಟು ಗಾಜಿನ ಶೀಶೆ, ಬಕೆಟ್ ಪಕ್ಕದಲ್ಲಿಟ್ಟುಕೊಂಡು ಕೂತವರು ಇರುತ್ತಾರೆ. ಅವರ ಹೆಸರು ಎಲ್ಲೂ ಬರುವುದಿಲ್ಲ. ಅಪ್ಪ ತೂಗಿದ ಚೀಲಗಳ ಮೇಲೂ ಅಪ್ಪನ ಹೆಸರು ಇರಲಿಲ್ಲ.

ಮುಂದಿನ ತಿಂಗಳು ಮತ್ತೆ ಹೊರಡಬೇಕು, 28 ದಿನದ ಪಯಣ. ಗುತ್ತಿಗೆ ಮಾರ್ಚ್‌ವರೆಗೆ ಇದೆ, ಆಮೇಲಿನದು ಆಮೇಲೆ. ಅವ್ವನಿಗೆ ನನ್ನ ಮದುವೆಯ ಚಿಂತೆ. ಹುಡುಗನ ಕಡೆಯವರಿಗೆ ಕೆಲಸ ಏನಂತ ಹೇಳುವುದೆಂದು ಅವಳು ಇನ್ನೂ ನಿರ್ಧರಿಸಿಲ್ಲ. ನಿನ್ನೆ ಫೋನ್ ಮಾಡಿದಾಗ ಅಪ್ಪ ಬೇರೇನೂ ಕೇಳಲಿಲ್ಲ. "ಸೀಲಿನ ನೀರು ತುಂಬ್ಕೊಂಡಿಯೇನವಾ? ಎಣಿಸಿ ನೋಡು" ಅಂದರು.

ಎಣಿಸಿದ್ದೇನೆ. ಎರಡು ಪೆಟ್ಟಿಗೆ, ಜೊತೆಗೆ ಒಂದು ಹೆಚ್ಚಿನದು.